ಆ ದೃಶ್ಯವನ್ನು ತೆಗೆಸಿದವಳು ನಾನು

ಸುಜಾತಾ ತನ್ನ ಜೀವನದಲ್ಲಿ ಬರೆದ ಅತ್ಯುತ್ತಮ ದೃಶ್ಯವನ್ನು ಅವಳ ಕೈಯಿಂದಲೇ ತೆಗೆಸಿದವಳು ನಾನು. ಅದು ಹೋದ ಮೇಲೆ ಕಥೆಯಲ್ಲಿ ದೊಡ್ಡದೊಂದು ತೂತು ಬಿತ್ತು. ಆ ತೂತನ್ನು ಊರಿಗೆಲ್ಲ ತೋರಿಸಿ ನಕ್ಕವಳೂ ನಾನೇ — ಬೇರೆ ಹೆಸರಿನಲ್ಲಿ. ಅವಳು ಕೆಲಸ ಕಳೆದುಕೊಂಡು ಊರಿಗೆ ಬಂದಾಗ ಅವಳ ಕೈ ಹಿಡಿದು, 'ಯಾರೋ ಕೆಟ್ಟ ಮಂದಿ, ಬಿಡು' ಎಂದವಳೂ ನಾನೇ.

ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಗೆ ಹೇಳುತ್ತೇನೆ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ನನ್ನನ್ನು ನಾನು ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ.

ಸುಜಾತಾ ರಂಗಂಪೇಟೆಯವಳು. ಅವಳ ತಂದೆ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಪುಸ್ತಕಗಳ ಕಪಾಟು. ನನ್ನ ತಂದೆಗೆ ಶಹಾಪುರದ ಬಜಾರದಲ್ಲಿ ಕಾಳಿನ ಅಂಗಡಿ. ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿಗೆ ಬಂದು ಕುಳಿತೆವು. ಬಿಡುವಿದ್ದಾಗಲೆಲ್ಲ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಅವಳಿಗೆ ಚಹಾ ಕೊಡುವ ಲೋಟ ನಮ್ಮ ಮನೆಯಲ್ಲಿ ಬೇರೆ ಇತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೆವು — ಅದನ್ನೇ ನಾನು ಗೆಳೆತನ ಎಂದುಕೊಂಡಿದ್ದೆ.

ನಮ್ಮಿಬ್ಬರಿಗೂ ಇದ್ದ ಹುಚ್ಚು ಒಂದೇ. ಟಿವಿಯಲ್ಲಿ ಬರುತ್ತಿದ್ದ ಸೂಪರ್‌ಹೀರೋ ಧಾರಾವಾಹಿಗಳು. ಹಾರುವವರು, ಮಾಯವಾಗುವವರು, ಒಂದು ಗುದ್ದಿಗೆ ಗೋಡೆ ಕೆಡಹುವವರು. ನಾವು ನೋಡುತ್ತಿದ್ದುದು ತೂತು ಹುಡುಕಲು. 'ಲೇ ಶೈಲು, ಹೋದ ವಾರ ಇವನಿಗೆ ಬೆಂಕಿ ಅಂದ್ರ ಅಂಜಿಕಿ ಇತ್ತಲ್ಲ, ಇವತ್ತ ಬೆಂಕ್ಯಾಗ ಹೆಂಗ ಹೊಕ್ಕ?' ಎಂದು ಅವಳು ಕೂಗುತ್ತಿದ್ದಳು. 'ಕಣ್ಣಿಗೊಂದು ಪಟ್ಟಿ ಕಟ್ಟಿಕೊಂಡ್ರ ಹಡದ ತಾಯಿಗೂ ಗುರ್ತು ಸಿಗಂಗಿಲ್ಲೇನು?' ಎಂದು ನಾನು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಒಂದು ವ್ಯತ್ಯಾಸವಿತ್ತು. ನಾನು ತೂತು ಕಂಡು ಸುಮ್ಮನಾಗುತ್ತಿದ್ದೆ. ಅವಳು ಅದನ್ನು ಹೇಗೆ ಹೊಲಿಯಬಹುದಿತ್ತು ಎಂದು ಯೋಚಿಸುತ್ತಿದ್ದಳು.

ಅಂಥದ್ದೇ ಒಂದು ಮಧ್ಯಾಹ್ನ ಅವಳ ಫೋನು ಬಡಿದುಕೊಂಡಿತು. ಅವಳ ಅಕ್ಕ ಗೌತಮಿಯ ಕರೆ. ಗೌತಮಿಯನ್ನು ಕೆಂಭಾವಿಗೆ ಕೊಟ್ಟಿದ್ದರು. ಆಗ ಅವಳು ಬಸುರಿ. ಸುಜಾತಾ ಹೆಸರು ನೋಡಿ ಫೋನನ್ನು ಬೋರಲು ಹಾಕಿದಳು.

'ಅಕ್ಕಂದು. ಸಂತ್ಯಾಗಿಂದು ಏನರ ಸುದ್ದಿ ಇರ್ತದ. ಇದು ಮುಗೀಲಿ, ಆಮ್ಯಾಲ ಮಾಡ್ತೀನಿ.'

ಇನ್ನೊಮ್ಮೆ ಬಡಿಯಿತು. ಅವಳು ನಗುತ್ತಲೇ ಇದ್ದಳು. ನಾನೂ.

ಗೌತಮಿ ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಹೊಲಕ್ಕೆ ಹೋಗಿದ್ದ. ರಕ್ತ ಹೋಗಲು ಶುರುವಾಗಿತ್ತು. ಬಾಜೂ ಮನೆಯವರು ನೋಡಿ ಜೀಪಿನಲ್ಲಿ ಹಾಕಿಕೊಂಡು ಸುರಪುರಕ್ಕೆ ಹೊರಡುವಷ್ಟರಲ್ಲಿ — ದಾರಿಯಲ್ಲೇ ಹೋದಳು. ಸುಜಾತಾ ಫೋನು ಎತ್ತಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಯಾರಿಗೆ ಗೊತ್ತು. ಮಣ್ಣಿಗೆ ಹೋದ ದಿನ ಸುಜಾತಾ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಒಂದೇ ಮಾತು ಹೇಳಿದಳು: 'ಫೋನಿಂದು ಯಾರಿಗೂ ಹೇಳಬ್ಯಾಡ ಶೈಲು. ಅವ್ವಗಂತೂ ಹೇಳಲೇಬ್ಯಾಡ.' ನಾನು ಯಾರಿಗೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ ಎಂದೇ ತಿಳಿದಿದ್ದೆ.

ಮುಂದೆ ನಾನು ಎಂ.ಎ. ಮುಗಿಸಿ ಯಾದಗಿರಿಯ ಕಾಲೇಜೊಂದಕ್ಕೆ ಕನ್ನಡ ಕಲಿಸಲು ಸೇರಿದೆ. ಅವಳು ಬೆಂಗಳೂರಿಗೆ ಹೋಗಿ, ಅಲ್ಲಿ ಇಲ್ಲಿ ಅಲೆದು, ಒಂದು ಧಾರಾವಾಹಿ ಕಂಪನಿಯ ಬರಹಗಾರರ ತಂಡ ಸೇರಿಕೊಂಡಳು. ನಾನೂ ಆ ಹೊತ್ತಿಗೆ ಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದೆ. ಒಂದೂ ಅಚ್ಚಾಗಲಿಲ್ಲ. ನನ್ನ ಕಥೆಗಳಲ್ಲಿ ತೂತು ಇರುತ್ತಿರಲಿಲ್ಲ. ಜೀವವೂ ಇರುತ್ತಿರಲಿಲ್ಲ.

ಅವಳಿಗೆ ಸಿಕ್ಕಿದ್ದು 'ಮಾರ್ದನಿ' ಎಂಬ ಸೂಪರ್‌ಹೀರೋ ಧಾರಾವಾಹಿ. ನಾಯಕಿಯ ಹೆಸರೂ ಅದೇ. ಶಾಲೆಯ ಟೀಚರೊಬ್ಬಳು, ಎಷ್ಟೇ ದೂರದಲ್ಲಿ ಯಾರೇ ಕಷ್ಟದಲ್ಲಿ ಕೂಗಿದರೂ ಅವಳಿಗೆ ಕೇಳಿಸುತ್ತದೆ, ಗಾಳಿಯಂತೆ ಓಡಿ ಹೋಗಿ ಉಳಿಸುತ್ತಾಳೆ. ಮಕ್ಕಳು ಹುಚ್ಚಾಗಿ ನೋಡುತ್ತಿದ್ದರು. ಶೀರ್ಷಿಕೆಯಲ್ಲಿ ಸಂಭಾಷಣೆ ಎಂದು ಅವಳ ಹೆಸರು ಬಂದ ದಿನ ನನ್ನ ತಾಯಿ ಟಿವಿ ಮುಂದೆ ನಿಂತು, 'ನಮ್ಮ ಮನಿಗಿ ಬರ್ತಿತ್ತಲ್ಲ, ಆ ಹುಡುಗೀನೇನು?' ಎಂದಳು. ಹೌದು ಎಂದೆ. ಚಾನೆಲ್ ಬದಲಿಸಿದೆ. ಬರೀ ಅಸೂಯೆಯಿಂದ ಹಾಗೆ ಮಾಡಿದ್ದರೆ ಇಲ್ಲಿ ಹೇಳುವುದು ಸುಲಭವಿತ್ತು. ನಮ್ಮ ಮನೆಯಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದವಳು ನನಗಿಂತ ಮೇಲೆ ಹೋದಳಲ್ಲ ಎಂಬ — ಇಲ್ಲ, ಬರೆದೇಬಿಡುತ್ತೇನೆ — ಎಂಬ ಉರಿಯೂ ಅದರಲ್ಲಿತ್ತು.

ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಪ್ರತಿ ಕಂತನ್ನೂ ಬರೆದ ಕೂಡಲೇ ನನಗೆ ಕಳಿಸುತ್ತಿದ್ದಳು. 'ನಾಳಿ ಶೂಟಿಂಗ್ ಅದ, ಇವತ್ತ ಕಥಿ ಕೇಳ್ಯಾರ. ತೂತು ಇದ್ರ ಜಲ್ದಿ ಹೇಳು.' ಆ ಧಾರಾವಾಹಿಯಲ್ಲಿ ತೂತಿಗೇನು ಬರ! ಖಳನ ಪಾತ್ರದವನು ರಜೆ ಕೇಳಿದರೆ ಖಳ ಸಾಯುತ್ತಿದ್ದ. ಅವನು ತಿರುಗಿ ಬಂದರೆ ಖಳನ ಅವಳಿ ತಮ್ಮ ಹುಟ್ಟಿಕೊಳ್ಳುತ್ತಿದ್ದ. ಮಾರ್ದನಿ ಶಾಲೆಗೆ ಹೋಗಿದ್ದನ್ನೇ ಯಾರೂ ಕಂಡಿರಲಿಲ್ಲ. ಸುಜಾತಾ ಸಿಕ್ಕಲ್ಲೆಲ್ಲ ತೇಪೆ ಹಾಕುತ್ತಿದ್ದಳು, ನಾನು ನೂಲು ಕೊಡುತ್ತಿದ್ದೆ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕಳಾಗಿಯೇ ಇದ್ದೆ.

ಆಮೇಲೆ ಆ ಕಂತು ಬಂತು. ಮಾರ್ದನಿಯ ಅಕ್ಕ ಸಾಯಬೇಕು ಎಂದು ಚಾನೆಲ್ಲಿನವರು ತೀರ್ಮಾನಿಸಿದ್ದರು — ನೋಡುವವರನ್ನು ಅಳಿಸಲು. ಆದರೆ ಎಲ್ಲರ ಕೂಗೂ ಕೇಳುವವಳಿಗೆ ಅಕ್ಕನ ಕೂಗು ಹೇಗೆ ಕೇಳಲಿಲ್ಲ? ಅದನ್ನು ಯಾರೂ ಯೋಚಿಸಿರಲಿಲ್ಲ. ಸುಜಾತಾ ಯೋಚಿಸಿದ್ದಳು. ಅದಕ್ಕಾಗಿ ಒಂದು ದೃಶ್ಯ ಬರೆದಿದ್ದಳು.

ಮಾರ್ದನಿ ಸತ್ತ ಅಕ್ಕನ ಸೀರೆಗಳನ್ನು ಒಗೆಯುತ್ತ ಕುಳಿತಿದ್ದಾಳೆ. ಗೆಳತಿ ಬಂದು ಸಮಾಧಾನ ಹೇಳುತ್ತಾಳೆ: 'ನಿನಗೆ ಕೇಳಿಸಲಿಲ್ಲ. ಅದರಲ್ಲಿ ನಿನ್ನ ತಪ್ಪೇನಿದೆ?' ಮಾರ್ದನಿ ಸೀರೆ ಹಿಂಡುವುದನ್ನು ನಿಲ್ಲಿಸುವುದಿಲ್ಲ. ತಲೆ ಎತ್ತುವುದೂ ಇಲ್ಲ. 'ಕೇಳಿಸಿತ್ತು,' ಎನ್ನುತ್ತಾಳೆ. 'ಅಕ್ಕ ತಾನೆ, ಕರೀತಾನೇ ಇರ್ತಾಳೆ ಅಂದ್ಕೊಂಡೆ.'

ಅಷ್ಟೇ. ಸಂಗೀತ ಇಲ್ಲ, ಅಳು ಇಲ್ಲ.

ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಅದನ್ನು ಓದಿ ನನಗೆ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಷ್ಟು ಕಳಪೆ ಧಾರಾವಾಹಿಯ ನಡುವೆ, ಮುಖಕ್ಕೆ ಪಟ್ಟಿ ಕಟ್ಟಿದ ಬೊಂಬೆಯಂಥ ನಾಯಕಿಯ ಬಾಯಲ್ಲಿ, ಇಂಥ ಮಾತು. ಇದು ಯಾವತ್ತೂ ನನ್ನಿಂದ ಆಗುವುದಿಲ್ಲ ಎಂದು ಆ ಕಿಟಕಿಯ ಹತ್ತಿರ ನನಗೆ ಖಚಿತವಾಯಿತು.

ಅವಳು ಫೋನ್ ಮಾಡಿದಳು. 'ಇವರು ತಗಿ ಅನ್ನಾಕತ್ಯಾರ. ನಾಯಕಿ ತಪ್ಪು ಮಾಡಬಾರ್ದಂತ, ಮಕ್ಕಳು ನೋಡ್ತಾರಂತ. ಬೇಕು ಅಂದ್ರ ಜಗಳಾ ಮಾಡಿ ಇಡಿಸ್ತೀನಿ. ಛಲೋ ಇಲ್ಲಂದ್ರ ಬಿಡ್ತೀನಿ. ನೀ ಹೇಳು ಶೈಲು. ನನಗ ಇದು ಭಾಳ ಹತ್ರದ್ದು, ತಿಳಿವಲ್ದು.'

ನಾನು ಹೇಳಿದೆ: 'ತಗದುಬಿಡು. ಹಸಿ ಅದ. ಇಂಥಾದ್ದು ನಿನಗ ಬರಿಯಾಕ ಬರಂಗಿಲ್ಲ ಸುಜಾ.'

'ಹೌದೇನು' ಎಂದಳು. 'ಆತು ಬಿಡು.'

ಅವಳ ಗುಟ್ಟು ಹೊರಬೀಳಬಾರದೆಂದು ಹಾಗೆ ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು.

ದೃಶ್ಯವಿಲ್ಲದೆ ಕಂತು ಪ್ರಸಾರವಾಯಿತು. ನೋಡಿದವರೆಲ್ಲ ಅದೇ ಪ್ರಶ್ನೆ ಎತ್ತಿದರು. ಆಗ ನಾನು ಫೇಸ್‌ಬುಕ್ಕಿನಲ್ಲಿ 'ಜರಡಿ' ಎಂಬ ಪುಟ ನಡೆಸುತ್ತಿದ್ದೆ. ಧಾರಾವಾಹಿಗಳನ್ನು ಗೇಲಿ ಮಾಡುವ ಪುಟ. ನಡೆಸುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಸುಜಾತಾಗೂ. ಮರುದಿನ ಅದರಲ್ಲಿ ಬರೆದೆ: 'ಏಳು ಊರಾಚೆ ಬೆಕ್ಕು ಬಾವಿಗೆ ಬಿದ್ದರೆ ಕೇಳಿಸುವ ಮಾರ್ದನಿಗೆ ಸ್ವಂತ ಅಕ್ಕನ ಕೂಗು ಕೇಳಿಸಲಿಲ್ಲವಂತೆ. ಪಾಪ, ಅಕ್ಕ ಮಿಸ್ಡ್ ಕಾಲ್ ಕೊಟ್ಟಿದ್ದಳೇನೋ. ಈ ಸಂಭಾಷಣೆಗಾರ್ತಿಗೆ ಮೊದಲು ಯಾರಾದರೂ ಕಥೆ ಹೇಳುವುದನ್ನು ಕಲಿಸಿ.'

ಮಿಸ್ಡ್ ಕಾಲ್. ಆ ಶಬ್ದ ಟೈಪು ಮಾಡುವಾಗ ನನ್ನ ಬೆರಳು ನಡುಗಲಿಲ್ಲ. ನಡುಗಿತ್ತು ಎಂದು ಬರೆಯಬೇಕೆನಿಸುತ್ತದೆ — ಆದರೆ ನಡುಗಲಿಲ್ಲ.

ಜನ ಅದನ್ನು ಹಂಚಿಕೊಂಡರು, ಚಿತ್ರ ಕೂಡಿಸಿ ನಗೆಚಾಟಿಕೆ ಮಾಡಿದರು. ನನ್ನ ಬದುಕಿನಲ್ಲಿ ನಾನು ಬರೆದದ್ದನ್ನು ಅಷ್ಟು ಜನ ಓದಿದ್ದು ಅದೊಂದೇ ಸಲ. ಚಾನೆಲ್ಲಿಗೆ ಯಾರ ಮೇಲಾದರೂ ತಪ್ಪು ಹಾಕಬೇಕಿತ್ತು. ದೃಶ್ಯ ಬೇಡ ಎಂದವರು ಉಳಿದರು, ಬರೆದವಳು ಹೋದಳು. ಹೊಸದಾಗಿ ಬಂದ ಬರಹಗಾರರು ಸತ್ತ ಅಕ್ಕನನ್ನು ಬದುಕಿಸಿಬಿಟ್ಟರು. ಸತ್ತವಳು ಅಕ್ಕನ ವೇಷದಲ್ಲಿದ್ದ ಬೇರೆ ಯಾರೋ ಎಂದು.

ಆ ಕಂತನ್ನು ಸುಜಾತಾ ರಂಗಂಪೇಟೆಯ ತನ್ನ ಮನೆಯಲ್ಲಿ ಕುಳಿತು ನೋಡಿದಳು. ನಾನೂ ಅಲ್ಲಿದ್ದೆ, ಅವಳನ್ನು ಸಮಾಧಾನ ಮಾಡಲು ಹೋಗಿದ್ದೆ. ಪರದೆಯ ಮೇಲೆ ಅಕ್ಕತಂಗಿ ತಬ್ಬಿಕೊಂಡರು. ಸುಜಾತಾಳ ತಾಯಿ ಎದ್ದು ಅಡುಗೆಮನೆಗೆ ಹೋದರು.

'ಟಿವ್ಯಾಗ ಎಷ್ಟು ಸರಳ ನೋಡು,' ಎಂದಳು ಸುಜಾತಾ. ಆಮೇಲೆ ನನ್ನ ಕಡೆ ತಿರುಗಿ, 'ಆ ಜರಡಿ ಯಾರಿದ್ದಾರು ಶೈಲು? ಮಿಸ್ಡ್ ಕಾಲ್ ಅಂತ ಯಾಕ ಬರದ್ರು? ಮೈಮ್ಯಾಗ ಬಿಸಿನೀರು ಸುರುವಿದಂಗ ಆತು,' ಎಂದಳು.

ಅವಳ ಕಣ್ಣಲ್ಲಿ ಸಂಶಯ ಇರಲಿಲ್ಲ. ನನ್ನ ಮೇಲೆ ಸಂಶಯ ಪಡುವುದು ಅವಳಿಗೆ ಸಾಧ್ಯವೇ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು, 'ಯಾರೋ ಕೆಟ್ಟ ಮಂದಿ. ಸುಮ್ನ ಬರದಿರ್ತಾರ, ಬಿಡು,' ಎಂದೆ.

ಅವಳು ಮತ್ತೆ ಬರೆಯಲಿಲ್ಲ. ರಂಗಂಪೇಟೆಯಲ್ಲೇ ಮಕ್ಕಳಿಗೆ ಟ್ಯೂಶನ್ ಹೇಳಲು ಶುರುಮಾಡಿದಳು. ನಾನು 'ಜರಡಿ'ಗೆ ಬರೆಯುವುದನ್ನು ನಿಲ್ಲಿಸಿದೆ, ಆದರೆ ಅಳಿಸಲಿಲ್ಲ. ವರ್ಷಗಳು ಹೋದವು. ನಾವು ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು, ಹಬ್ಬಕ್ಕೆ ಫೋನ್ ಮಾಡುತ್ತಿದ್ದೆವು. ಹೀಗೇ ಮುಗಿದುಹೋಗುತ್ತಿತ್ತೇನೋ. ಈ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗಿಯರು ಒಂದು ನಾಟಕ ಬೇಕೆಂದಾಗ ನಾನು ಅವಳಿಗೆ ಫೋನ್ ಮಾಡಿ, ಬರೆದುಕೊಡು ಎಂದೆ.

ಅವಳು ನಕ್ಕಳು. 'ನನಗ ಬರಿಯಾಕ ಬರಂಗಿಲ್ಲಲ್ಲ ಶೈಲು. ನೀನ ಹೇಳಿದ್ದಿ. ಅವತ್ತ ನೀ ಹೇಳಿದ್ದು ಛಲೋನ ಆತು. ಇಲ್ಲಂದ್ರ ಇನ್ನೂ ಬರದು ಬರದು ನಗೆಪಾಟಲಾಗ್ತಿದ್ದೆ.'

ಕೃತಜ್ಞತೆ. ನನಗೆ ಅವಳು ಕೃತಜ್ಞಳಾಗಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ರಂಗಂಪೇಟೆಗೆ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂತು ಎಲ್ಲವನ್ನೂ ಹೇಳಿದೆ. ಜರಡಿ ನಾನೇ ಎಂದೆ, ಮಿಸ್ಡ್ ಕಾಲ್ ಎಂದು ಗೊತ್ತಿದ್ದೇ ಬರೆದೆ ಎಂದೆ, ಅಸೂಯೆಯನ್ನು ಹೇಳಿದೆ, ಲೋಟದ ಮಾತನ್ನೂ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಕಾದೆ. ಅವಳು ಕೇಳಿದ್ದು ಬೇರೆ.

'ಆ ಸೀನು... ಛಲೋ ಇತ್ತೇನು?'

'ಅದಕಿಂತ ಛಲೋದು ನಾ ಓದಿಲ್ಲ ಸುಜಾ.'

'ಖರೇ ಹೇಳು.'

'ಖರೇನ ಹೇಳಾಕತ್ತೀನಿ.'

ಮೊರದ ಹತ್ತಿರ ಕಾಳು ಹೆಕ್ಕಲು ಬಂದ ಗುಬ್ಬಿಯನ್ನೂ ಅವಳು ಓಡಿಸಲಿಲ್ಲ. ಕೊನೆಗೆ ಮೆಲ್ಲಗೆ, ನನಗಲ್ಲ ಎಂಬಂತೆ, ಅಂದಳು: 'ಇಷ್ಟು ವರ್ಷ... ಅಕ್ಕನ ಸಾವು ನನಗ ಬರಿಯಾಕೂ ಬರಲಿಲ್ಲ ಅಂದ್ಕೊಂಡಿದ್ದೆ.'

ಅಷ್ಟರಲ್ಲಿ ಅವಳ ತಾಯಿ ಬಾಗಿಲಿಗೆ ಬಂದು, 'ಶೈಲಾ ಬಂದಾಳೇನ? ರೊಟ್ಟಿ ಬಡಿಯಾಕತ್ತೀನಿ, ಉಂಡು ಹೋಗವ್ವ,' ಎಂದರು. ಆ ಮನೆಯಲ್ಲಿ ನನಗೆಂದೂ ಬೇರೆ ತಾಟು ಇರಲಿಲ್ಲ.

ಸುಜಾತಾ ನನ್ನ ಮುಖ ನೋಡದೆ ಹೇಳಿದಳು: 'ಬ್ಯಾಡವ್ವ. ಅಕಿ ಹೊಂಟಾಳ.'

ನಾನು ಎದ್ದು ಬಂದೆ. 'ಜರಡಿ' ಪುಟದಲ್ಲಿ ನನ್ನ ನಿಜವಾದ ಹೆಸರು ಹಾಕಿ, ಆ ಕಂತಿನ ಬಗ್ಗೆ ಬರೆದದ್ದು ಮೋಸ ಎಂದು ಬರೆದೆ. ಯಾರೂ ಗಮನಿಸಲಿಲ್ಲ. 'ಮಾರ್ದನಿ' ಯಾರಿಗೂ ನೆನಪಿಲ್ಲ. ಇದನ್ನು ಇಲ್ಲಿ ಬರೆಯುವ ಮೊದಲು ಅವಳನ್ನು ಕೇಳಿದೆ, ಫೋನಿನ ಸಂಗತಿ ಅವಳದಲ್ಲವೇ. ಬಹಳ ದಿನಗಳ ಮೇಲೆ ಒಂದು ಸಾಲು ಬಂತು: 'ಬರಿ. ಅವ್ವಗ ನಾನ ಹೇಳೀನಿ.'

ತಾಯಿ ಏನೆಂದರು ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗೆ ಉಳಿದಿಲ್ಲ. ಅವಳು ಮತ್ತೆ ಬರೆಯುತ್ತಿದ್ದಾಳೆಯೇ ಎಂದೂ ಗೊತ್ತಿಲ್ಲ. ಬರೆಯದೆ ಹೋದ ಆ ವರ್ಷಗಳಲ್ಲಿ ಏನೇನು ಬರುತ್ತಿತ್ತು ಅನ್ನುವುದು — ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆಗ ನಾನು ಚಿಕ್ಕವಳಿದ್ದೆ ಎನ್ನಲಾರೆ, ಇರಲಿಲ್ಲ. ತಿಳಿಯದೆ ಮಾಡಿದೆ ಎನ್ನಲಾರೆ.

ನಾನು ಸುರಪುರದ ಕಡೆ ಹೋಗುವುದು ಈಗ ಕಡಿಮೆ. ಹೋದರೂ ರಂಗಂಪೇಟೆಯ ತಿರುವಿನಲ್ಲಿ ಇಳಿಯುವುದಿಲ್ಲ. ಬರಬೇಡ ಎಂದು ಅವಳು ಹೇಳಿಲ್ಲ. ಬಾ ಎಂದೂ ಹೇಳಿಲ್ಲ.