ಕುರ್ಚಿಯ ಮೇಲೆ ಕುಳಿತ ವಾರ

ಗೊಂಬೆ ಟೀಚರ್ ಎಂಬುದು ಬೀದಿಯವರು ಇಟ್ಟ ಹೆಸರು. ಹಳೆಯ ಕಾಲುಚೀಲಗಳಿಗೆ ಗುಂಡಿಯ ಕಣ್ಣು ಹೊಲಿದು, ಅವುಗಳೊಳಗೆ ಕೈ ತೂರಿಸಿ, ಮೂರು ವರ್ಷದ ಮಕ್ಕಳ ಜೊತೆ ಗಂಟೆಗಟ್ಟಲೆ ಹರಟುವವಳಿಗೆ ಜನ ಇನ್ನೇನು ಹೆಸರಿಡುತ್ತಾರೆ? ಇಪ್ಪತ್ತೆರಡು ವರ್ಷದಿಂದ ಅವಳದು ಅದೇ ಕೆಲಸ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಸಂಜೆ ಮನೆಗೆ ಬಂದ ಅವನಿಗೂ "ಶೂ ಎಲ್ಲಿಡಬೇಕು? ಹಾಂ, ಜಾಣ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡದ್ದು ಎಷ್ಟು ಸಲವೋ. ಅವನೂ ಪಾಪ, ಮರುಮಾತಾಡದೆ ಶೂವನ್ನು ಸರಿಯಾದ ಜಾಗದಲ್ಲೇ ಇಡುತ್ತಿದ್ದ.

ಔಷಧಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯೇ ಅವಳ ಶಿಶುಶಾಲೆ. ಗೋಡೆಗೆ ಹತ್ತೊಂಬತ್ತು ಮೊಳೆ, ಮೊಳೆಗೊಂದು ಚೀಲ, ಚೀಲಕ್ಕೊಂದು ಚಿತ್ರ. ಮೂಲೆಯಲ್ಲಿ ಜೇಡಿಮಣ್ಣಿನ ಬೋಗುಣಿ. ಮೂಗು ಒರೆಸಲು, ಚಡ್ಡಿ ಬದಲಿಸಲು, ಟೀಚರನ್ನು ಗದರಲು ಒಬ್ಬ ಆಯಮ್ಮ. ಆ ಕೋಣೆಗೆ ವರ್ಷಕ್ಕೆರಡು ಸಲ ಬೇರೆ ಶಾಲೆಗಳಿಂದ ಹೊಸ ಟೀಚರುಗಳು ಬಂದು, ಗೋಡೆಗೆ ಆತು ಕುಳಿತು, ಗೊಂಬೆ ಟೀಚರ್ ಮಕ್ಕಳಿಗೆ ಮಾತು ಹೇಗೆ ಕಲಿಸುತ್ತಾಳೆ ಎಂದು ನೋಡಿ ಬರೆದುಕೊಳ್ಳುತ್ತಿದ್ದರು.

ನೋಡಬೇಕಾದ್ದೇ ಬಿಡಿ. ಅವಳು ನಿಂತುಕೊಂಡು ಮಾತಾಡಿದವಳೇ ಅಲ್ಲ. ಮೊದಲು ಮಂಡಿಯೂರುತ್ತಿದ್ದಳು. ಮಗುವಿನ ಹೆಗಲು ಮುಟ್ಟಿ, ಅದರ ಕಣ್ಣು ತನ್ನ ಕಣ್ಣಿಗೆ ಸಿಗುವ ತನಕ ಕಾಯುತ್ತಿದ್ದಳು. ಆಮೇಲೆ ಮಾತು. ಮಾತಿನ ಜೊತೆ ಕೈ, ಕೈಯ ಜೊತೆ ಚಿತ್ರ, ಇಡೀ ಮುಖದಲ್ಲಿ ನಗು. ಮಾತು ಮಗುವಿನ ತಲೆ ಮೇಲಿಂದ ಬೀಳಬಾರದು, ಎದುರಿನಿಂದ ಬರಬೇಕು ಎಂದು ಹೊಸಬರಿಗೆ ಹೇಳುತ್ತಿದ್ದಳು. ಹೇಳುವಾಗ ಸ್ವಲ್ಪ ಜಂಬವೂ ಇರುತ್ತಿತ್ತು. ಇರಲಿ, ದುಡಿದು ಗಳಿಸಿದ ಜಂಬ.

ಬಟಾಣಿ ಆ ಕೋಣೆಗೆ ಬಂದಾಗ ಅದಕ್ಕೆ ಮೂರು ತುಂಬಿರಲಿಲ್ಲ. ಹುಟ್ಟಿದಾಗ ಅಂಗೈಯಷ್ಟೇ ಇತ್ತೆಂದು ತಾಯಿ ಇಟ್ಟ ಮುದ್ದಿನ ಹೆಸರು ಅದು. ತಾಯಿ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಒಬ್ಬಳೇ ಸಾಕುತ್ತಿದ್ದಳು. ಮಗು ಮಹಾ ಚುರುಕು. ಗೊಂಬೆಯ ಬಾಯಿ ತೆರೆದರೆ ತಾನೂ ತೆರೆಯುವುದು, ಎಲ್ಲರೂ ಎದ್ದರೆ ಏಳುವುದು, ಎಲ್ಲರೂ ಚಪ್ಪಾಳೆ ತಟ್ಟಿದರೆ ಎಲ್ಲರಿಗಿಂತ ಜೋರಾಗಿ ತಟ್ಟುವುದು. ಮಾತೊಂದು ಬಂದಿರಲಿಲ್ಲ.

ಸೇರಿಸಿದ ಎರಡನೇ ತಿಂಗಳಲ್ಲಿ ತಾಯಿ ಬಾಗಿಲ ಬಳಿ ನಿಂತು ಕೈ ಹಿಸುಕಿಕೊಳ್ಳುತ್ತ, ಮನೆಯಲ್ಲಿ ಕರೆದರೆ ಇವಳು ತಿರುಗುವುದಿಲ್ಲ, ಏನಾದರೂ ತೊಂದರೆ ಇರಬಹುದೇ ಎಂದು ಕೇಳಿದ್ದಳು. ಗೊಂಬೆ ಟೀಚರ್ ನಕ್ಕುಬಿಟ್ಟಳು. ಅಲ್ಲೇ ಬಟಾಣಿಯ ಮುಂದೆ ಮಂಡಿಯೂರಿ, ಕೆಂಪು ಚೆಂಡು ತಾ ಎಂದು ಕೈ ಚಾಚಿ, ಬುಟ್ಟಿಯ ಕಡೆ ಕಣ್ಣು ಹೊರಳಿಸಿದಳು. ಮಗು ಓಡಿಹೋಗಿ ಚೆಂಡು ತಂದು ಅಂಗೈಯಲ್ಲಿಟ್ಟಿತು.

"ನೋಡಿದ್ರಾ? ಎಲ್ಲಾ ಅರ್ಥ ಆಗುತ್ತೆ ಇವಳಿಗೆ. ಮಾತು ತಡ, ಅಷ್ಟೇ ಕಣಮ್ಮ. ಸುಮ್ನೆ ಇಲ್ಲದ್ದನ್ನೆಲ್ಲ ತಲೇಲಿ ತುಂಬ್ಕೋಬೇಡಿ."

ತಾಯಿಯ ಮುಖ ಸಡಿಲವಾಯಿತು. ಅಂದಿನಿಂದ ಹದಿನಾಲ್ಕು ತಿಂಗಳಲ್ಲಿ ಬಟಾಣಿಯ ಪ್ರಗತಿ ಪತ್ರ ನಾಲ್ಕು ಸಲ ತುಂಬಬೇಕಾಯಿತು. 'ಹೇಳಿದ್ದನ್ನು ಕೇಳಿ ಅರ್ಥಮಾಡಿಕೊಳ್ಳುತ್ತದೆ' ಎಂಬ ಸಾಲಿನ ಮುಂದೆ ಟೀಚರ್ ನಾಲ್ಕು ಸಲವೂ ಕಣ್ಣುಮುಚ್ಚಿ ಸರಿ ಗುರುತು ಹಾಕಿದಳು.

ಬಟಾಣಿ ದೊಡ್ಡ ಶಾಲೆಗೆ ಹೋಗಲು ಎರಡು ತಿಂಗಳಿದೆ ಎನ್ನುವಾಗ ಟೀಚರಿನ ಸೊಂಟ ಹಿಡಿದುಕೊಂಡಿತು. ದಿನಕ್ಕೆ ನೂರು ಸಲ ಮಂಡಿಯೂರಿದ ಸೊಂಟ, ಅದರದೇನೂ ತಪ್ಪಿಲ್ಲ. ಒಂದು ವಾರ ಬಗ್ಗಲೇಬೇಡಿ ಎಂದರು ಡಾಕ್ಟರು. ರಜೆ ಹಾಕಲು ಇವಳಿಗೆ ಮನಸ್ಸಾಗಲಿಲ್ಲ. ಆಯಮ್ಮ ಔಷಧಿ ಅಂಗಡಿಯಿಂದ ಕೈಯಿರುವ ದೊಡ್ಡ ಕುರ್ಚಿ ಎಳೆದು ತಂದು ಕೋಣೆಯ ಹಿಂದಿನ ಗೋಡೆಗೆ ಹಾಕಿ, ಮಹಾರಾಣಿಯವರು ಇಲ್ಲಿ ದಯಮಾಡಿಸಬೇಕು ಎಂದು ಅಣಕಿಸಿದಳು. ಹೀಗೆ ಗೊಂಬೆ ಟೀಚರ್ ಜನ್ಮದಲ್ಲಿ ಮೊದಲ ಸಲ ಮಕ್ಕಳ ಬೆನ್ನ ಹಿಂದಿನಿಂದ ಮಾತಾಡಿದಳು.

ಸೋಮವಾರ ಕಥೆಗೆ ಕರೆದಳು. ಹದಿನೆಂಟು ಮಕ್ಕಳು ಕುರ್ಚಿಯ ಸುತ್ತ ಬಂದು ಬಿದ್ದವು. ಬಟಾಣಿ ಜೇಡಿಮಣ್ಣು ತಟ್ಟುತ್ತ ಕೂತೇ ಇತ್ತು. ಹಟ, ಎಂದುಕೊಂಡಳು. ಮಂಗಳವಾರವೂ ಹಾಗೆಯೇ. ಇನ್ನೊಂದು ಮಗುವನ್ನು ಕಳಿಸಿ ಹೆಗಲು ಮುಟ್ಟಿಸಿದಾಗ ಬಟಾಣಿ ಗಕ್ಕನೆ ತಿರುಗಿ, ಇವಳ ಮುಖ ಕಂಡದ್ದೇ ಬಾಯಿತುಂಬ ನಗುತ್ತ ಓಡಿ ಬಂತು. ಹಟ ಮಾಡುವ ಮಗು ಹೀಗೆ ಓಡಿ ಬರುತ್ತದೆಯೇ ಎಂದು ಟೀಚರಿಗೆ ಅನ್ನಿಸಿತು. ಅದನ್ನು ಅವಳು ಸೊಂಟನೋವಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾದಳು.

ಬುಧವಾರ ಮನೆಗೆ ಬಿಡುವ ಹೊತ್ತು. ಮಕ್ಕಳೆಲ್ಲ ಓಣಿಯ ಬಾಗಿಲಲ್ಲಿದ್ದರು, ಟೀಚರ್ ಒಳಗಡೆ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಳು. ನೀರಿನ ಟ್ಯಾಂಕರ್ ಲಾರಿಯೊಂದು ಪೀಂ ಪೀಂ ಎನ್ನುತ್ತ ಓಣಿಗೆ ಹಿಮ್ಮುಖವಾಗಿ ಬರುತ್ತಿತ್ತು. ಬಟಾಣಿ ಬಿದ್ದ ತನ್ನ ಟೋಪಿ ಎತ್ತಿಕೊಳ್ಳಲು ಓಣಿಗೆ ಇಳಿಯಿತು. ಲಾರಿಗೆ ಬೆನ್ನು ಹಾಕಿ ಕೂತು, ಟೋಪಿಯ ಧೂಳು ಕೊಡವತೊಡಗಿತು.

ಟೀಚರಿಗೆ ಜೀವ ಬಾಯಿಗೆ ಬಂತು. ಓಡಲಾಗದು. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, ಬಟಾಣಿ, ಈ ಕಡೆ ಬಾ ಎಂದು ಕಿರುಚಿದಳು. ಓಣಿಯೇ ತಿರುಗಿ ನೋಡಿತು. ಔಷಧಿ ಅಂಗಡಿಯವನು ಹೊರಗೆ ಬಂದ. ಬಾಗಿಲಲ್ಲಿದ್ದ ಮಕ್ಕಳು ಬೆಚ್ಚಿ ಅತ್ತವು. ಬಟಾಣಿ ಮಾತ್ರ ಟೋಪಿ ತಿರುಗಿಸಿ ಇನ್ನೊಂದು ಮಗ್ಗುಲು ಕೊಡವಿತು. ಆಯಮ್ಮ ಹಾರಿ ಅದರ ರಟ್ಟೆ ಹಿಡಿದೆಳೆದುಕೊಂಡಾಗ ಲಾರಿಯ ಚಕ್ರ ಒಂದು ಮಾರು ದೂರದಲ್ಲಿತ್ತು.

ಮಗುವಿಗೆ ಎಲ್ಲೂ ಗೀರಿರಲಿಲ್ಲ. ಲಾರಿಯ ಭಯ ಹತ್ತು ನಿಮಿಷದಲ್ಲಿ ಇಳಿಯಿತು. ಅದರ ಹಿಂದೆ ಬಂದ ಭಯ ಇಳಿಯಲಿಲ್ಲ, ಮನೆಯವರೆಗೂ ಜೊತೆಗೇ ಬಂತು.

ಗಂಡನಿಗೆ ಹೇಳಿದಳು. ಅವನು ಚಹಾದ ಲೋಟ ತಿರುಗಿಸುತ್ತ ಕೇಳಿಸಿಕೊಂಡ.

"ಲಿಫ್ಟ್ ಕೆಟ್ಟಾಗ ನಾವು ಒಂದೊಂದೇ ವೈರ್ ಬಿಚ್ಚಿ ನೋಡ್ತೀವಿ. ಎಲ್ಲಾ ಒಟ್ಟಿಗೆ ಇದ್ರೆ ಯಾವುದು ಸತ್ತಿದೆ ಅಂತ ಗೊತ್ತೇ ಆಗಲ್ಲ. ನೀನು ಆ ಮಗು ಜೊತೆ ಬರೀ ಬಾಯಲ್ಲಿ ಯಾವತ್ತಾದ್ರೂ ಮಾತಾಡಿದ್ದೀಯಾ?"

ಇಲ್ಲ. ಬರೀ ಬಾಯಲ್ಲಿ ಅವಳು ಯಾವ ಮಗುವಿನ ಜೊತೆಗೂ ಮಾತಾಡಿರಲಿಲ್ಲ. ಅದೇ ತಾನೆ ಅವಳ ಹೆಚ್ಚುಗಾರಿಕೆ. ಮುಖ, ಕಣ್ಣು, ಕೈ, ಚಿತ್ರ, ಇಷ್ಟರ ನಡುವೆ ದನಿ ಇದ್ದರೆಷ್ಟು ಬಿಟ್ಟರೆಷ್ಟು? ಜಾಣ ಮಗು ಉಳಿದದ್ದರಲ್ಲೇ ಎಲ್ಲವನ್ನೂ ಓದಿಕೊಂಡಿತ್ತು.

ಗುರುವಾರ ಉಳಿದ ಮಕ್ಕಳೆಲ್ಲ ಹೋದ ಮೇಲೆ ಬಟಾಣಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಕೈಗೆ ಜೇಡಿಮಣ್ಣು ಕೊಟ್ಟಳು. ತಾನು ಐದು ಹೆಜ್ಜೆ ಹಿಂದೆ ನಿಂತಳು. ಮೆಲ್ಲಗೆ ಕರೆದಳು. ಜೋರಾಗಿ ಕರೆದಳು. ಹಿತ್ತಾಳೆಯ ಗಂಟೆ ಬಾರಿಸಿದಳು. ತಿರುಗು ನನ್ನಮ್ಮ, ಒಂದೇ ಒಂದು ಸಲ ತಿರುಗು, ಜನ್ಮಪೂರ್ತಿ ನಿನ್ನ ಸೇವೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬಟಾಣಿ ಫಕ್ಕನೆ ತಿರುಗಿತು.

ಟೀಚರಿಗೆ ಹೋದ ಜೀವ ಬಂದಂತಾಯಿತು. ಒಂದು ಗಳಿಗೆ ಅಷ್ಟೆ. ಮಗು ನೋಡುತ್ತಿದ್ದದ್ದು ಇವಳನ್ನಲ್ಲ, ಬಾಗಿಲನ್ನು. ಆಯಮ್ಮ ಅಲ್ಲಿ ಬಂದು ನಿಂತದ್ದರಿಂದ ಗೋಡೆಯ ಮೇಲಿನ ಬೆಳಕು ಮರೆಯಾಗಿತ್ತು. ಬಾಗಿಲು ಹಾಕಿಸಿ ಮತ್ತೆ ಗಂಟೆ ಬಾರಿಸಿದಳು. ಕಿವಿ ಗುಂಯ್‌ಗುಡುವಷ್ಟು ಬಾರಿಸಿದಳು. ಮಗು ಮಣ್ಣಿನ ಉಂಡೆಯೊಂದನ್ನು ಇನ್ನೊಂದರ ಮೇಲೆ ಕೂರಿಸುತ್ತಿತ್ತು.

ಆಯಮ್ಮ ಕೆಟ್ಟವಳಲ್ಲ, ಟೀಚರ್ ಮೇಲೆ ಪ್ರಾಣ ಇಟ್ಟುಕೊಂಡವಳು. ಬಾಗಿಲು ಹಾಕಿದೆಯೋ ಎಂದು ಇನ್ನೊಮ್ಮೆ ನೋಡಿ ಹತ್ತಿರ ಬಂದಳು.

"ಎರಡು ತಿಂಗಳು ಸುಮ್ನಿರಿ. ದೊಡ್ಡ ಶಾಲೆಗೆ ಹೋಗುತ್ತೆ, ಅಲ್ಲಿಯವರೇ ಕಂಡುಹಿಡೀತಾರೆ. ನಾಲ್ಕು ಸಲ ನೀವೇ ಬರೆದು ಸಹಿ ಹಾಕಿದ್ದೀರಿ. ಯಾಕೆ ಕೈಯಾರೆ ಮೈಮೇಲೆ ಎಳ್ಕೊಳ್ತೀರಿ?"

ಟೀಚರ್ ಬಯ್ಯಬೇಕಿತ್ತು. ಬಯ್ಯಲಿಲ್ಲ. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ಅವಳಿಗೆ ಒಳಗೊಳಗೇ ಹಾಯೆನಿಸಿತು. ಶುಕ್ರವಾರ ಬಟಾಣಿಯ ತಾಯಿ ಬಂದಾಗ ಚೀಲಗಳನ್ನು ಸರಿಮಾಡುವ ನೆಪದಲ್ಲಿ ಗೋಡೆಗೆ ತಿರುಗಿ ನಿಂತಳು. ಮನಸ್ಸು ಸುಮ್ಮನಿರಲಿಲ್ಲ. ಶಾಲೆ ನಡೆಸುವ ಮೇಲಿನವರು ಆ ಪ್ರಗತಿ ಪತ್ರಗಳನ್ನು ಮುಂದಿಟ್ಟುಕೊಂಡು ಇದೇನು ಎಂದು ಕೇಳಿದರೆ? ಬರೆದುಕೊಂಡು ಹೋದ ಹೊಸ ಟೀಚರುಗಳು? ಅವರ ಕೋಣೆಗಳಲ್ಲೂ ಇಂಥ ಬಟಾಣಿಗಳು ನಗುನಗುತ್ತ ಕೂತಿದ್ದರೆ?

ಶನಿವಾರ ಬೆಳಿಗ್ಗೆ ಗಂಡ ಯಾವುದೋ ಮಾತಿಗೆ, ದೊಡ್ಡ ಶಾಲೆಯ ಲಿಫ್ಟ್ ನೋಡಲು ಹೋಗಬೇಕು, ಆ ಹೆದ್ದಾರಿ ದಾಟುವುದೇ ಕಷ್ಟ ಎಂದ. ಎರಡು ತಿಂಗಳಲ್ಲಿ ಬಟಾಣಿಯೂ ಅದೇ ಹೆದ್ದಾರಿ ದಾಟಬೇಕು. ಟೀಚರ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನೇರ ಲಾಂಡ್ರಿಗೆ ಹೋದಳು.

ಲಾಂಡ್ರಿಯೊಳಗೆ ಆಳೆತ್ತರದ ಆರು ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ನೆಲವೇ ಗುಡುಗುಟ್ಟುತ್ತಿತ್ತು. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ಕೈಸನ್ನೆ ಮಾಡುವುದು. ಬಟಾಣಿಯ ತಾಯಿ ಬಿಳಿ ಹಾಸಿಗೆ ಬಟ್ಟೆಯೊಂದರ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ಟೀಚರ್ ದಾರಿಯುದ್ದಕ್ಕೂ ಮೆತ್ತಗೆ ಹೇಳಲೆಂದು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಮೆತ್ತಗೆ ಹೇಳಲು ಆ ಜಾಗದಲ್ಲಿ ಸಾಧ್ಯವೇ ಇರಲಿಲ್ಲ. ಮೊದಲ ಸಲ ತಾಯಿಗೆ ಕೇಳಿಸಲಿಲ್ಲ. ಎರಡನೇ ಸಲವೂ ಕೇಳಿಸಲಿಲ್ಲ. ಮೂರನೇ ಸಲ, ನಿಮ್ಮ ಮಗಳಿಗೆ ಕಿವಿ ಕೇಳಿಸುವುದಿಲ್ಲ, ನಾನು ತಪ್ಪು ಹೇಳಿಬಿಟ್ಟೆ ಎಂದು ಗಂಟಲು ಹರಿಯುವಂತೆ ಕೂಗಿದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆಯೆತ್ತಿದರು.

ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಟೀಚರನ್ನು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಬಂದಳು. ಕೂಗಾಡುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದು ಟೀಚರ್ ಕಾದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

"ಅವತ್ತು ಡಾಕ್ಟರ್ ಹತ್ರ ಹೋಗೋಣ ಅಂತ ಅರ್ಧ ದಿನ ರಜೆ ಹಾಕಿದ್ದೆ," ಎಂದಳು ತಾಯಿ. "ದಾರೀಲಿ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ. ನೀವು ನಕ್ಕಿದ್ದು ನೋಡಿ ಧೈರ್ಯ ಬಂತು. ವಾಪಸ್ ಕೆಲಸಕ್ಕೆ ಹೋದೆ."

ಈಗಲೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದಳು ಟೀಚರ್.

ಅಂದೇ ಮಗುವಿನೊಂದಿಗೆ ಆಸ್ಪತ್ರೆಗೆ ಹೋದರು. ಬಟಾಣಿ ಟೀಚರಿನ ಬೆರಳು ಹಿಡಿದು ಕುಣಿಯುತ್ತ ಬಂತು. ಕಿವಿ ಪರೀಕ್ಷೆ ಮಾಡುವ ಹೆಂಗಸು ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಮಗುವನ್ನು ಕೂರಿಸಿ, ಕೈಗೆ ಮರದ ತುಂಡೊಂದನ್ನು ಕೊಟ್ಟಳು. ಡಬ್ಬಿಯಿಂದ ಸದ್ದು ಬಂದಾಗ ತುಂಡನ್ನು ಬುಟ್ಟಿಗೆ ಹಾಕಬೇಕೆಂದು ಮಾಡಿ ತೋರಿಸಿದಳು. ಮಗು ತಡಮಾಡದೆ ಹಾಕಿತು. ಮತ್ತೆ ಹಾಕಿತು. ತಾಯಿಯ ಕಣ್ಣು ಅರಳಿದವು. ಪರೀಕ್ಷೆಯವಳು ತಲೆಯಾಡಿಸಿ, ನೀವು ಹಿಂದೆ ಹೋಗಿ ಎಂದು ಟೀಚರಿಗೆ ಹೇಳಿದಳು. ಮಗು ಇವಳ ಮುಖ ನೋಡಿ ಹಾಕುತ್ತಿತ್ತು. ಸದ್ದು ಬಂದಾಗಲೆಲ್ಲ ಇವಳ ಹುಬ್ಬು ತಾನಾಗಿ ಮೇಲೇರುತ್ತಿತ್ತು.

ಟೀಚರ್ ಮಗುವಿನ ಬೆನ್ನ ಹಿಂದೆ ಹೋಗಿ ನಿಂತಳು. ಸದ್ದು ಬಂತು. ತುಂಡು ಹಿಡಿದ ಪುಟ್ಟ ಕೈ ಗಾಳಿಯಲ್ಲೇ ನಿಂತಿತ್ತು. ಪರೀಕ್ಷೆಯವಳು ಗುಂಡಿ ತಿರುಗಿಸಿದಳು. ಸದ್ದು ಏರಿತು, ಇನ್ನೂ ಏರಿತು. ತಾಯಿ ಕಣ್ಣು ಮುಚ್ಚಿಕೊಂಡಳು. ಟೀಚರಿನ ಹಲ್ಲುಗಳೇ ಅದುರತೊಡಗಿದವು, ಸಾಕು ನಿಲ್ಲಿಸಿ ಎಂದು ಕೂಗಿಬಿಡುತ್ತೇನೆಂದು ಹೆದರಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮಗು ಕಾಲು ಆಡಿಸುತ್ತ ಆರಾಮವಾಗಿ ಕೂತಿತ್ತು. ತಿರುಗಿಸುವ ಗುಂಡಿ ಹೆಚ್ಚುಕಡಿಮೆ ಕೊನೆ ಮುಟ್ಟಿದಾಗ ಬಟಾಣಿಯ ಕಾಲು ನಿಂತವು. ತಲೆ ಸ್ವಲ್ಪ ಓರೆಯಾಯಿತು. ತುಂಡನ್ನು ಬುಟ್ಟಿಗೆ ಹಾಕಿತು.

ಕೇಳುವ ಶಕ್ತಿ ಕೊಂಚ ಉಳಿದಿದೆ, ಕಿವಿಗೆ ಯಂತ್ರ ಹಾಕೋಣ, ದಿನಾ ಅಭ್ಯಾಸ ಮಾಡಿಸಬೇಕು ಎಂದಳು ಪರೀಕ್ಷೆಯವಳು. ಮಾತು ಎಷ್ಟು ಬರುತ್ತದೆ ಎಂದು ತಾಯಿ ಕೇಳಿದಳು. ಈಗಲೇ ಹೇಳಲಾಗದು, ಒಂದು ವರ್ಷ ಮುಂಚೆ ಬಂದಿದ್ದರೆ ಬೇರೆ ಮಾತು ಎಂದು ಆಕೆ ಬರೆಯುತ್ತಲೇ ಅಂದಳು.

"ಬರ್ತಿದ್ರು. ಬೇಡ ಅಂದಿದ್ದು ನಾನು," ಎಂದಳು ಟೀಚರ್. "ಅದನ್ನೂ ಬರ್ಕೊಳ್ಳಿ."

ಅಂಥದ್ದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು, ನಡುವೆ ಬಟಾಣಿ. ಟೀಚರ್ ಒಳಗೇ ಲೆಕ್ಕ ಹಾಕುತ್ತಿದ್ದಳು. ಸೋಮವಾರ ಮೇಲಿನವರಿಗೆ ತಾನೇ ಪತ್ರ ಬರೆಯುವುದು. ಬರೆದುಕೊಂಡು ಹೋದ ಪ್ರತಿಯೊಬ್ಬ ಟೀಚರನ್ನೂ ಹುಡುಕಿ, ವಾರಕ್ಕೊಂದು ದಿನ ಮಕ್ಕಳ ಬೆನ್ನ ಹಿಂದೆ ನಿಂತು ಕರೆಯಿರಿ ಎಂದು ಹೇಳುವುದು. ಕೆಲಸ ಹೋದರೆ ಹೋಗಲಿ. ಇಷ್ಟಾದ ಮೇಲೆ ಇನ್ನು ಹೆದರುವುದಕ್ಕೇನೂ ಉಳಿದಿಲ್ಲ ಎಂದುಕೊಂಡಳು.

ತಾಯಿ ಎದುರಿನ ಗೋಡೆ ನೋಡುತ್ತಿದ್ದವಳು ಒಂದೇ ಒಂದು ಮಾತು ಕೇಳಿದಳು.

"ಟೀಚರ್, ತನಗೊಂದು ಹೆಸರಿದೆ ಅಂತಾನೇ ಇವಳಿಗೆ ಗೊತ್ತಿಲ್ಲ, ಅಲ್ವಾ?"

ನಾಲ್ಕು ವರ್ಷ ತಾಯಿ ಕರೆದಿದ್ದಳು, ಒಂದೂಕಾಲು ವರ್ಷ ಇವಳು ಕರೆದಿದ್ದಳು. ದಿನಕ್ಕೆ ಎಷ್ಟು ಸಲವೋ, ಎಷ್ಟು ಮುದ್ದಿನಿಂದಲೋ. ಅಷ್ಟು ಭಯಪಟ್ಟವಳಿಗೆ ಈ ಒಂದು ಹೊಳೆದಿರಲಿಲ್ಲ.

"ಗೊತ್ತಿಲ್ಲ," ಎಂದಳು ಟೀಚರ್.

ಅವಳ ತುಟಿ ಆಡಿದ್ದನ್ನು ಬಟಾಣಿ ನೋಡಿತು. ಟೀಚರ್ ಏನೋ ಹೇಳಿದರು, ಇನ್ನು ಕೈಯಲ್ಲಿ ತೋರಿಸುತ್ತಾರೆ ಎಂದು ನಗುತ್ತ ಇವಳ ಕೈಯನ್ನೇ ಕಾದು ಕೂತಿತು. ಹೆಸರು ಎಂದರೇನು ಎಂದು ತೋರಿಸಲು ಆ ಕೈಗೆ ಯಾವ ಸನ್ನೆಯೂ ತಿಳಿಯಲಿಲ್ಲ.