ಗಂಗಮ್ಮನಿಗೆ ಎಂಜಲು ನೀರು

ನಮ್ಮೂರ ಕೆರೆ ಏರಿಯ ಮೇಲೆ ಪಂಚಾಯಿತಿಯವರು ರಸ್ತೆ ಮಾಡಿಸಿದ ಮೇಲೆ, ಭಾನುವಾರ ಬೆಳಿಗ್ಗೆ ಬೆಂಗಳೂರಿನವರು ಕಾರು ತಂದು ನಿಲ್ಲಿಸಿ ಅಲ್ಲಿ ನಡೆಯತೊಡಗಿದರು. ಅವರೂರಲ್ಲಿ ನಡೆಯಲು ಜಾಗವಿಲ್ಲವೇನೋ, ನನಗೆ ಗೊತ್ತಿಲ್ಲ. ನಡೆದವರಿಗೆ ಹಸಿವಾಗುತ್ತದೆ ಎಂಬುದು ಮಾತ್ರ ನನ್ನ ಸೊಸೆಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಏರಿಯ ಮೇಲೆ ತಗಡಿನ ಚಪ್ಪರ ಹಾಕಿ ತಟ್ಟೆ ಇಡ್ಲಿ ಅಂಗಡಿ ಇಟ್ಟಳು. ವ್ಯಾಪಾರ ಜೋರಾಯಿತು. ಅವಳನ್ನು ನೋಡಿ ಇನ್ನೂ ಮೂರು ಅಂಗಡಿ ಎದ್ದವು. ನನಗೂ ಸಂತೋಷವೇ.

ಆದರೆ ಎಲ್ಲರೂ ತಟ್ಟೆ ತೊಳೆಯುತ್ತಿದ್ದುದು ಕೆರೆಯ ಅಂಚಿನಲ್ಲಿ. ಸಾಂಬಾರು, ಚಟ್ನಿ, ಸೋಪಿನ ನೊರೆ ಎಲ್ಲಾ ನೀರಿಗೆ. 'ಕೆರೆ ಮಲಿನ ಮಾಡಬೇಡಿ' ಎಂದು ಪಂಚಾಯಿತಿಯವರು ಬೋರ್ಡು ನೆಟ್ಟಿದ್ದರು. ಅದರ ಮೇಲೆ ನಮ್ಮವರು ಒದ್ದೆ ಟವೆಲು ಒಣಗಿಸುತ್ತಿದ್ದರು. ಒಂದು ದಿನ ನಮ್ಮ ಎಮ್ಮೆ ನೀರಿಗೆ ಮೂತಿ ಇಟ್ಟು, ಕುಡಿಯದೆ ವಾಪಸ್ ಬಂತು. ಕೆಸರಿನಲ್ಲಿ ಹೊರಳುವ ಎಮ್ಮೆಗೇ ಬೇಡವಾದ ನೀರು!

ಕೆರೆಗೆ ಎಂಜಲು ಬಿಡಬೇಡ ಎಂದು ಸೊಸೆಗೆ ಹೇಳಿದೆ.

"ಕೆರೆಗೆ ಎಂಥ ಎಂಜಲು ಅತ್ತೆ? ಗಂಗಮ್ಮ ಎಲ್ಲಾ ತೊಳ್ಕೊಂಡು ಹೋಗ್ತಾಳೆ."

"ಎಲ್ಲಿಗೆ ಹೋಗ್ತಾಳೆ ಕಣೇ? ಅದೇನು ಹೊಳೆನಾ? ನಿಂತ್ಕೊಂಡೈತೆ!"

ಅವಳು ಕೇಳಿಸದವಳಂತೆ ಇಡ್ಲಿ ಇಳಿಸಲು ಹೋದಳು.

ಆ ಸಲ ಮಳೆ ಚೆನ್ನಾಗಿ ಬಂದು ಕೆರೆ ತುಂಬಿತು. ಕೆರೆ ತುಂಬಿದ ವರ್ಷ ನಮ್ಮೂರ ಹೆಂಗಸರು ಗಂಗಮ್ಮನ ಪೂಜೆ ಮಾಡಿ, ಆ ನೀರನ್ನೇ ಕಳಸಕ್ಕೆ ತುಂಬಿ ಊರೊಳಕ್ಕೆ ತರುವುದು ಪದ್ಧತಿ. ವಯಸ್ಸಾದವಳೆಂದು ಮೊದಲ ಕಳಸ ನನ್ನ ಕೈಗೆ ಕೊಟ್ಟರು. ಬಗ್ಗಿದೆ. ಸಾಂಬಾರಿನ ಕರಿಬೇವು ತೇಲಿಕೊಂಡು ನನ್ನ ಮುಂದೆಯೇ ಬಂತು. ಕಳಸವನ್ನು ಕೆಳಗಿಟ್ಟೆ.

"ಇದು ಎಂಜಲು ನೀರು. ದೇವರಿಗೆ ನಾನು ತುಂಬಲ್ಲ."

ತಮಟೆ ನಿಂತಿತು. ಬೋರ್ಡಿಗೆ ಹೆದರದವರು ಎಂಜಲೆಂಬ ಮಾತಿಗೆ ನೀರಿನಿಂದ ಕಾಲು ತೆಗೆದರು. ಪಕ್ಕದ ಮನೆಯವಳು ಮಾತ್ರ ನನ್ನ ಮೇಲೇ ಬಿದ್ದಳು.

"ಹಂಗಾದ್ರೆ ನಿನ್ ಸೊಸೆ ಅಂಗಡೀನೇ ಮೊದ್ಲು ಎತ್ತಿಸಕ್ಕಾ! ಎಲ್ಲಾ ಎತ್ತಿಸ್ಬಿಡಾಣ!"

ಹೌದು ಹೌದು ಎಂದರು ಉಳಿದವರು. ಸೊಸೆಯ ಮುಖ ಬಿಳಿಚಿಕೊಂಡಿತು.

"ಅಂಗಡಿ ಯಾಕ್ರೇ ಎತ್ತಿಸ್ತೀರಾ? ತಟ್ಟೆ ತೊಳಿಯೋ ಜಾಗ ಎತ್ತಿಸ್ರಿ," ಎಂದೆ. "ನಿಮ್ಮನೆ ಬಚ್ಚಲ ನೀರು ಎಲ್ಲಿಗೆ ಬಿಡ್ತೀರಾ? ಹಿತ್ತಲ ಬಾಳೆಗೋ, ನಡುಮನೆಗೋ? ಏರಿಯ ಆ ಕಡೆ, ಕೆಳಗೆ ಗುಂಡಿ ತೋಡಿ, ಬಾಳೆ ನೆಡ್ರಿ. ಎಂಜಲು ಅಲ್ಲಿಗೋಗ್ಲಿ."

"ಅಲ್ಲೀಗಂಟ ತಟ್ಟೆ ಯಾರು ಹೊರೋದು?" ಎಂದಳು ಸೊಸೆ.

"ಇಡ್ಲಿ ಮಾರೋರು."

ಎಲ್ಲರೂ ನಕ್ಕರು. ಅವತ್ತು ಕಾಲುವೆ ನೀರು ಕೆರೆಗೆ ಬಂದು ಸೇರುವ ದೂರದ ಮೂಲೆಗೆ ನಡೆದುಹೋಗಿ ಕಳಸ ತುಂಬಿದೆವು. ನನ್ನ ಮಂಡಿ ಶಪಿಸಿತು. ಗುಂಡಿ ಆಗುವವರೆಗೆ ಅಂಗಡಿ ತೆರೆಯಕೂಡದು ಎಂದು ಹೆಂಗಸರೇ ಕಟ್ಟಳೆ ಮಾಡಿದರು. ಹೊಟ್ಟೆಪಾಡು ನೋಡಿ, ಮುಂದಿನ ಭಾನುವಾರದೊಳಗೆ ಗುಂಡಿಯೂ ಆಯಿತು, ಬಾಳೆಯೂ ಬಂತು.

ಆ ಭಾನುವಾರ ಸೊಸೆ ತಟ್ಟೆಗಳ ಬುಟ್ಟಿ ತಂದು ನನ್ನ ಮುಂದೆ ಕುಕ್ಕಿದಳು.

"ಐಡಿಯಾ ನಿಮ್ದು ತಾನೆ ಅತ್ತೆ? ಬನ್ನಿ, ಆ ಕಡೆ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಇಬ್ಬರೂ ಬೈದುಕೊಳ್ಳುತ್ತಾ ಏರಿಯಿಂದ ಗುಂಡಿಯ ಕಡೆಗೆ ಇಳಿದೆವು.