ದರ್ಜಿಯಮ್ಮ ಹಾಕಿದ ಗುಂಡಿ

ಬೆಳಗಿನ ಐದೂವರೆ. ಸಮವಸ್ತ್ರ ಹೊಲಿಯುವ ಕಾರ್ಖಾನೆ ತೆರೆಯಲು ಇನ್ನೂ ಅರ್ಧ ಗಂಟೆಯಿದೆ. ಮೆಟ್ಟಿಲ ಮೇಲೆ ಕುಳಿತ ದರ್ಜಿಯಮ್ಮ ಮೊಬೈಲಿನಲ್ಲಿ ಸೂಜಿಯ ಬಗ್ಗೆ ಲೇಖನ ಬರೆಯುತ್ತಿದ್ದಾರೆ, ಅದೂ ತಮ್ಮ ಮನೆಮಾತಿನಲ್ಲಿ. ಆ ಭಾಷೆಗೊಂದು ಅಂತರ್ಜಾಲ ವಿಶ್ವಕೋಶ ಬೇಕೆಂದು ಇವರು ಹಟ ಹಿಡಿದು ಎರಡು ವರ್ಷವಾಯಿತು.

"ಮಗಳು ಒಂದಿನ ಕೇಳಿದ್ಲು, ಅಮ್ಮಾ, ಇದು ನಮ್ಮನೆಯವರೇ ಮಾಡ್ಕೊಂಡಿರೋ ಭಾಷೇನಾ ಅಂತ. ಅವತ್ತೇ ಬರೆಯೋಕೆ ಕೂತೆ."

ಹಟವೊಂದಿದ್ದರೆ ಸಾಕೆ? ವಿಶ್ವಕೋಶದ ಸಮಿತಿಯ ನಿಯಮಗಳು ಒಂದೆರಡಲ್ಲ. ಮೊಬೈಲ್ ತೆರೆಯ ಮೇಲಿನ ಗುಂಡಿಗಳ ಹೆಸರೆಲ್ಲ ಅದೇ ಭಾಷೆಯಲ್ಲಿರಬೇಕು. ಮೂರು ತಿಂಗಳು ಎಡೆಬಿಡದೆ ಕನಿಷ್ಠ ಮೂವರು ಬರೆಯಬೇಕು, ಇಲ್ಲವೇ ಬರೆದದ್ದನ್ನು ತಿದ್ದಬೇಕು. ಒಂದು ತಿಂಗಳು ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ. ದರ್ಜಿಯಮ್ಮ, ಲಾರಿ ಓಡಿಸುವ ತಮ್ಮ, ಅಂಚೆ ಹಂಚುವ ಚಿಕ್ಕಪ್ಪ ಸೇರಿ ನಾನೂರು ಲೇಖನ ಬರೆದರು. ಮೂರನೇ ತಿಂಗಳು ಹಿಡಿಯುವಷ್ಟರಲ್ಲಿ ಚಿಕ್ಕಪ್ಪನಿಗೆ ಕಣ್ಣಿನ ಆಪರೇಷನ್!

"ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ ಅಂತಾರಲ್ಲ, ಹಾಗಾಯ್ತು."

ಮೂರನೆಯವರು ಮನೆಯಲ್ಲೇ ಇದ್ದರು. ಮೊಬೈಲೆಂದರೆ ಮೂಗು ಮುರಿಯುವ ಅತ್ತೆ, ಒಂದು ಕಾಲದ ಹೆಸರಾಂತ ಹೊಲಿಗೆಗಾರ್ತಿ. ಬರೆದದ್ದನ್ನು ಉಳಿಸುವ ಗುಂಡಿಗೆ ಸೊಸೆ ಹೊಲಿಗೆಯ ಪದವನ್ನೇ ಇಟ್ಟಿದ್ದರು. ಆದರೆ ಅವರ ಭಾಷೆಯಲ್ಲಿ ಗಟ್ಟಿ ಹೊಲಿಗೆಗೆ ಒಂದು ಪದ, ಆಮೇಲೆ ಬಿಚ್ಚಲೆಂದೇ ಹಾಕುವ ಕಚ್ಚಾ ಹೊಲಿಗೆಗೆ ಇನ್ನೊಂದು. ಅವಸರದಲ್ಲಿ ಗುಂಡಿಯ ಮೇಲೆ ಕೂತದ್ದು ಕಚ್ಚಾ ಹೊಲಿಗೆ. ಒಂದು ಬೆಳಿಗ್ಗೆ ಅದು ಅತ್ತೆಯ ಕಣ್ಣಿಗೆ ಬಿತ್ತು.

"ಏನೇ, ದರ್ಜಿ ಅಂತೀಯ, ಬಿಚ್ಚೋ ಹೊಲಿಗೆ ಹಾಕ್ಕೊಂಡು ಕೂತಿದೀಯ! ನೂರಾರು ಸಲ ಒತ್ತಿದೀಯ, ಒಂದ್ಸಲಾನೂ ಗೊತ್ತಾಗ್ಲಿಲ್ವಾ? ಕೊಡಿಲ್ಲಿ!"

"ಕೊಟ್ಟೆ. ವಾಪಸ್ ಬಂದಿದ್ದು ಊಟದ ಹೊತ್ತಿಗೆ!" ಎಂದು ದರ್ಜಿಯಮ್ಮ ನಗುತ್ತಾರೆ.

ಗುಂಡಿ ಸರಿಯಾಯಿತು. ಅತ್ತೆಯ ಕೈ ಅಲ್ಲಿಗೇ ನಿಲ್ಲಲಿಲ್ಲ. ತಮ್ಮದೇ ಖಾತೆ ತೆರೆಸಿಕೊಂಡು, ಸೊಸೆಯ ಲೇಖನಗಳನ್ನು ಒಂದೊಂದಾಗಿ ಜಾಲಾಡಿ, ಆ ಮೂರನೇ ತಿಂಗಳು ಮುಗಿಯುವುದರೊಳಗೆ ಅರವತ್ತೆರಡು ಪುಟ ತಿದ್ದಿದರು. ಮೂವರ ಲೆಕ್ಕ ಭರ್ತಿ! ಕಳೆದ ವಾರ ಸಮಿತಿಯ ಒಪ್ಪಿಗೆ ಬಂದಿದೆ, ವಿಶ್ವಕೋಶ ಎಲ್ಲರಿಗೂ ತೆರೆದಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಈ ಮನೆಯಲ್ಲಿ ಸುಳ್ಳಾಗಿದೆ. ಇಬ್ಬರ ಕಾಲವೂ ಒಟ್ಟಿಗೇ ಬಂದಿದೆ.

ಕಾರ್ಖಾನೆಯ ಬಾಗಿಲು ತೆರೆಯುತ್ತದೆ. ಎದ್ದು ನಿಂತ ದರ್ಜಿಯಮ್ಮ ಮೊಬೈಲನ್ನು ಮುಂದೆ ಹಿಡಿಯುತ್ತಾರೆ.

"ನೋಡಿ, ಈ ಸಾಲು ತಿದ್ದಿರೋದು ನಾನಲ್ಲ, ಅತ್ತೆ ಅಲ್ಲ, ತಮ್ಮನೂ ಅಲ್ಲ. ಚಿಕ್ಕಪ್ಪಂಗೆ ಡಾಕ್ಟ್ರು ಇನ್ನೂ ಮೊಬೈಲ್ ಮುಟ್ಟೋಕೆ ಬಿಟ್ಟಿಲ್ಲ. ಯಾರೋ ಏನೋ! ನಮ್ಮ ಭಾಷೆ ಆಡೋರಲ್ಲಿ ನನಗೆ ಗೊತ್ತಿಲ್ದೋರೂ ಇದಾರೆ ರೀ!"